ಐದು ಪ್ರಶ್ನೆ, 21,773 ವರ್ಷ

ಓಡಾಡಲು ಆಗುತ್ತದೆಯೇ? ಸ್ನಾನ ಮಾಡಿ, ಬಟ್ಟೆ ಉಟ್ಟುಕೊಳ್ಳಲು ಬೇರೆಯವರು ಬೇಕೇ? ನಿತ್ಯದ ಕೆಲಸ ಸಾಗುತ್ತದೆಯೇ? ಮೈಯಲ್ಲಿ ನೋವಿದೆಯೇ? ಮನಸ್ಸಿಗೆ ಆತಂಕ, ಬೇಸರ ಇದೆಯೇ?

ರೋಗಿಯ ಬದುಕು ಹೇಗಿದೆಯೆಂದು ಅಳೆಯಲು ಯುರೋಕಾಲ್ ಎಂಬ ಸಂಶೋಧಕರ ಬಳಗ ರೂಪಿಸಿದ ಪ್ರಶ್ನೆಗಳು ಇಷ್ಟೇ. ಪ್ರತಿಯೊಂದಕ್ಕೂ ಐದು ಹಂತದ ಉತ್ತರ. ಐದನ್ನು ಐದು ಬಾರಿ ಗುಣಿಸಿ: 3,125 ಬಗೆಯ ಬದುಕು!

ಇದನ್ನೇ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪ್ರಶ್ನಾವಳಿಯಲ್ಲಿ 26 ಪ್ರಶ್ನೆಗಳಿವೆ, ಅಲ್ಲೂ ಐದೈದು ಉತ್ತರ. ಬರಬಹುದಾದ ಉತ್ತರಪತ್ರಿಕೆಗಳು ಸುಮಾರು 14,900 ಕೋಟಿ ಕೋಟಿ. ಭೂಮಿಯ ಮೇಲಿನ 800 ಕೋಟಿ ಜನರಲ್ಲಿ ತಲೆಗೆ 18 ಕೋಟಿಯಂತೆ ಹಂಚಿದರೂ ಒಬ್ಬರದು ಇನ್ನೊಬ್ಬರದರಂತೆ ಇರಬೇಕಿಲ್ಲ.

ಮತ್ತೆ ಆ ಐದು ಪ್ರಶ್ನೆಗಳಿಗೆ ಬರೋಣ. ಉತ್ತರಗಳು ತೋರಿಸುವ ಬದುಕಿಗೆ ಬೆಲೆ ಕಟ್ಟುವುದು ಹೇಗೆ? ಜನರನ್ನೇ ಕೇಳುತ್ತಾರೆ: ಈ ಸ್ಥಿತಿಯಲ್ಲಿ 10 ವರ್ಷ ಬಾಳುವ ಬದಲು ಪೂರ್ಣ ಆರೋಗ್ಯದಲ್ಲಿ ಎಷ್ಟು ವರ್ಷ ಸಿಕ್ಕರೆ ಸಾಕು? ಏಳು ಎಂದರೆ ಆ ಸ್ಥಿತಿಯ ಬೆಲೆ 0.7. ಪೂರ್ಣ ಆರೋಗ್ಯ 1, ಸಾವು 0. ಭಾರತದ ಐದು ರಾಜ್ಯಗಳಲ್ಲಿ 3,548 ಜನರನ್ನು ಹೀಗೆ ಕೇಳಿ, 2022ರಲ್ಲಿ ನಮ್ಮದೇ ಬೆಲೆಪಟ್ಟಿ ಪ್ರಕಟವಾಯಿತು. ಐದೂ ಪ್ರಶ್ನೆಗೆ ತೀರಾ ಕೆಟ್ಟ ಹಂತದ ಉತ್ತರ ಬಂದರೆ ಬೆಲೆ ಸೊನ್ನೆಗಿಂತ ಕೆಳಗೆ: ಮೈನಸ್ 0.923. ಸಾವಿಗಿಂತ ಕಡೆಯಾದ ಬದುಕೂ ಉಂಟೆಂದು ನಮ್ಮ ಜನರೇ ಹೇಳಿದ್ದಾರೆ.

ಈ ಅಳತೆಗೋಲನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ತಿರುಗಿಸೋಣ. ಈ ನಾಲ್ಕೂ ತಾಲೂಕುಗಳಿರುವ ವಿಜಯಪುರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 21,77,331. ಹತ್ತರಲ್ಲಿ ಒಬ್ಬರಿಗೆ ಮೊಣಕಾಲು ನೋವೋ ಸೊಂಟದ ನೋವೋ ಇದ್ದು, ಅವರ ಬದುಕಿನ ಬೆಲೆ 0.1ರಷ್ಟು ತಗ್ಗಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಒಬ್ಬರ ಮಟ್ಟಿಗೆ ವರ್ಷಕ್ಕೆ 36 ದಿನದ ಆರೋಗ್ಯ ಹೋಯಿತು. ಇಡೀ ಜಿಲ್ಲೆಗೆ? ಒಂದೇ ವರ್ಷದಲ್ಲಿ 21,773 ವರ್ಷ!

ಬಾಗೇವಾಡಿಯಲ್ಲಿ ಬಸವಣ್ಣ ಹುಟ್ಟಿ ಸುಮಾರು 900 ವರ್ಷ. ಅಂಥ 24 ಕಾಲಾವಧಿಗಳನ್ನು ಸಾಲಾಗಿ ಜೋಡಿಸಿದರೂ ಆ ಮೊತ್ತಕ್ಕೆ ಸ್ವಲ್ಪ ಕಡಿಮೆಯೇ. ಅಷ್ಟು ಹಿಂದೆ ಮನುಷ್ಯ ಇನ್ನೂ ಬಿತ್ತಿ ಬೆಳೆದಿರಲಿಲ್ಲ. ಭೂಮಿಯ ಉತ್ತರಭಾಗದ ದೊಡ್ಡ ಪ್ರದೇಶಗಳು ಹಿಮದಡಿ ಇದ್ದವು.

ಇಷ್ಟೆಲ್ಲ ಕಳೆದರೂ ಮರಣದ ಲೆಕ್ಕದಲ್ಲಿ ಒಂದು ಅಂಕಿಯೂ ಹೆಚ್ಚುವುದಿಲ್ಲ, ಏಕೆಂದರೆ ಯಾರೂ ಸತ್ತಿಲ್ಲ. ಕಳೆ ತೆಗೆಯಲು ಕುಳಿತ ತಾಯಿ ಏಳಲಾರದೆ ನರಳಿದ್ದು ಮರಣದ ದಾಖಲೆಯಲ್ಲಿ ಕಾಣದು. ಆದ್ದರಿಂದ ಜೀವ ಉಳಿಯಿತೇ ಎಂದು ಕೇಳುವ ಪ್ರತಿ ಆಸ್ಪತ್ರೆಯೂ ಬದುಕು ಹೇಗಿದೆ ಎಂದೂ ಕೇಳಬೇಕು. ಅದಕ್ಕೆ ದುಬಾರಿ ಯಂತ್ರ ಬೇಡ. ಐದು ಪ್ರಶ್ನೆ, ಕೇಳಿಸಿಕೊಳ್ಳುವ ಒಬ್ಬರು ಸಾಕು.