ಒಂದು ಸೀಮೆಯನ್ನು ಓದುವ ವಿದ್ಯೆ

ಕಳೆದ ವರ್ಷ ಕಾಲೇಜುಗಳ ಪ್ರವೇಶದ ಗಡಿಬಿಡಿ ನಡೆಯುತ್ತಿದ್ದ ದಿನಗಳಲ್ಲಿ, ಕೃಷ್ಣರಾಜಪುರದ ನಮ್ಮ ಬೀದಿಯ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ಬಂದು, ಕುಳಿತು, ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಏನೋ ಅಪರಾಧವನ್ನು ಒಪ್ಪಿಕೊಳ್ಳುವವರಂತೆ, “ಏನ್ ಮಾಡೋದು ಸಾರ್, ಬಿ.ಕಾಂ.ಗೆ ಸೀಟು ಸಿಗಲಿಲ್ಲ. ಗೌರ್ಮೆಂಟ್ ಕಾಲೇಜಲ್ಲಿ ಬಿ.ಎ.ಗೆ ಹಾಕಿದ್ದೀವಿ. ಹೆಚ್.ಪಿ.ಕೆ. ಅಂತೆ” ಎಂದರು. ಹೆಚ್.ಪಿ.ಕೆ. ಎಂದರೆ ಇತಿಹಾಸ, ರಾಜ್ಯಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ನಮ್ಮ ಹುಡುಗರು ‘ಕಾಂಬಿನೇಷನ್’ ಎಂದು ಕರೆಯುವ ಮೂರು ವಿಷಯಗಳ ಗಂಟು. ತಂದೆಯ ಮಾತಿಗೆ ಹುಡುಗಿ ಮುಖವನ್ನು ತಗ್ಗಿಸಿದಳು. ಇದೇ ಮೂರು ವಿಷಯಗಳನ್ನು ಒಟ್ಟುಗೂಡಿಸಿ ಓದಿಸುವುದಕ್ಕಾಗಿ ಲಂಡನ್ನಿನಲ್ಲಿಯೂ ಷಿಕಾಗೋದಲ್ಲಿಯೂ ದೊಡ್ಡ ದೊಡ್ಡ ವಿಭಾಗಗಳನ್ನು ಕಟ್ಟಿದ್ದಾರೆಂದು ನಾನು ಹೇಳಿದಾಗ, ಅವರು ಅದನ್ನು ಸಮಾಧಾನದ ಮಾತೆಂದು ಭಾವಿಸಿ ನಕ್ಕರು. ಅದು ಸಮಾಧಾನದ ಮಾತಾಗಿರಲಿಲ್ಲ.

ಪ್ರಪಂಚದ ಯಾವುದಾದರೊಂದು ಸೀಮೆಯನ್ನು, ಅದು ಅರಬ್ಬೀ ನಾಡುಗಳಿರಲಿ, ದಕ್ಷಿಣ ಅಮೆರಿಕವಿರಲಿ, ಜಪಾನು ಚೀನಾಗಳಿರಲಿ, ಅಲ್ಲಿಯ ಭಾಷೆ, ಸಂಸ್ಕೃತಿ, ರಾಜಕಾರಣ ಇವನ್ನು ಒಂದರಿಂದೊಂದನ್ನು ಬೇರ್ಪಡಿಸದೆ ಪದವಿಯ ಪ್ರಧಾನ ವಿಷಯವನ್ನಾಗಿ ಇಟ್ಟುಕೊಂಡು ಅಭ್ಯಸಿಸುವುದಕ್ಕೆ ಪ್ರದೇಶಾಧ್ಯಯನವೆಂದು ಹೆಸರು. ಅರ್ಥಶಾಸ್ತ್ರದ ವಿದ್ಯಾರ್ಥಿ ಒಂದು ಶಾಸ್ತ್ರವನ್ನು ಹಿಡಿದು ಹಲವು ನಾಡುಗಳನ್ನು ನೋಡಿದರೆ, ಈ ವಿದ್ಯಾರ್ಥಿ ಒಂದು ನಾಡನ್ನು ಹಿಡಿದು ಅದನ್ನು ಕುರಿತು ಹಲವು ಶಾಸ್ತ್ರಗಳನ್ನು ವಿಚಾರಿಸುತ್ತಾನೆ. ಮೊದಲ ವರ್ಷವೆಲ್ಲ ಹೆಚ್ಚಾಗಿ ಅಕ್ಷರಾಭ್ಯಾಸವೇ. ಆ ಮೇಲೆ ಆ ನಾಡಿನ ಇತಿಹಾಸ, ಮತಧರ್ಮ, ಸಾಹಿತ್ಯ, ಚುನಾವಣೆ, ಪತ್ರಿಕೆ; ನಡುವೆ ಅನುಕೂಲವಿದ್ದಲ್ಲಿ ಒಂದು ವರ್ಷ ಆ ನಾಡಿನಲ್ಲಿಯೇ ವಾಸ; ಕಡೆಯಲ್ಲಿ ಆ ಭಾಷೆಯ ಮೂಲಗಳನ್ನು ತಾನೇ ಓದಿ ಬರೆದ ಒಂದು ಪ್ರಬಂಧ. ಇಷ್ಟನ್ನೂ ಮಾಡಿದವನಿಗೆ ಉದ್ಯೋಗವೇನು ಸಿಕ್ಕೀತೆಂದು ಕೇಳುವವರು ಅಲ್ಲಿಯೂ ಉಂಟು. ರಾಯಭಾರ ಕಚೇರಿ, ಪತ್ರಿಕೋದ್ಯಮ, ಅನುವಾದ, ವ್ಯಾಪಾರ ಸಂಸ್ಥೆ, ಅಧ್ಯಾಪನ ಎಂಬ ಉತ್ತರವೂ ಉಂಟು.

ಈ ವಿದ್ಯೆಯ ಹುಟ್ಟು ಅಷ್ಟೇನೂ ನಿಷ್ಕಲ್ಮಷವಾದುದಲ್ಲ. 1916ರಲ್ಲಿ ಲಂಡನ್ನಿನ ಪ್ರಾಚ್ಯವಿದ್ಯಾ ಶಾಲೆ ಸ್ಥಾಪಿತವಾದಾಗ, ಸಾಮ್ರಾಜ್ಯದ ಅಧಿಕಾರಿಗಳಿಗೆ ತಾವು ಆಳುವವರ ಭಾಷೆಯನ್ನು ಕಲಿಸುವುದು ಅದರ ಉದ್ದೇಶಗಳಲ್ಲೊಂದಾಗಿದ್ದಿತು. 1957ರ ಅಕ್ಟೋಬರಿನಲ್ಲಿ ರಷ್ಯದವರು ಸ್ಪುಟ್ನಿಕ್ಕನ್ನು ಆಕಾಶಕ್ಕೆ ಹಾರಿಸಿದರು. ಗಾಬರಿಗೊಂಡ ಅಮೆರಿಕ ಮರುವರ್ಷವೇ ರಾಷ್ಟ್ರರಕ್ಷಣೆಯ ಹೆಸರಿನಲ್ಲಿ ಒಂದು ಶಿಕ್ಷಣ ಶಾಸನವನ್ನು ಮಾಡಿ, ದೂರದೂರದ ಭಾಷೆಗಳನ್ನು ಕಲಿಸುವ ವಿಶ್ವವಿದ್ಯಾನಿಲಯಗಳಿಗೆ ಹಣವನ್ನು ಸುರಿಯತೊಡಗಿತು. ಆ ಹೊಳೆಯ ನೀರು ಕನ್ನಡದ ಗದ್ದೆಗೂ ಒಂದಿಷ್ಟು ಹರಿಯದಿರಲಿಲ್ಲ. ಮೈಸೂರಿನ ಎ.ಕೆ. ರಾಮಾನುಜನ್ ಅವರು 1962ರಿಂದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ವಿಲಿಯಂ ಮೆಕಾರ್ಮಕ್ ಅವರೊಡನೆ ಎಂ.ಜಿ. ಕೃಷ್ಣಮೂರ್ತಿಯವರು ಸೇರಿ ಆಡುಮಾತಿನ ಕನ್ನಡವನ್ನು ಅದರ ಸಂಸ್ಕೃತಿಯ ಸಮೇತ ಪರಿಚಯಿಸುವ ಪಠ್ಯವೊಂದನ್ನು ರಚಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ 1966ರಲ್ಲಿ ಅದನ್ನು ಪ್ರಕಟಿಸಿತು. ಪರನಾಡುಗಳನ್ನು ಓದುವ ಇಂಥ ವಿದ್ಯೆ ಅರಿವಿನ ಹೆಸರಿನ ಅಧಿಕಾರವಲ್ಲವೇ ಎಂದು 1978ರಲ್ಲಿ ವಿಮರ್ಶಕ ಎಡ್ವರ್ಡ್ ಸೈದ್ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಆದರೆ ಪರರು ನಮ್ಮನ್ನು ಓದಿದ ಬಗೆ ಸರಿಯಲ್ಲವೆಂದು ಆಕ್ಷೇಪಿಸುವವರು, ನಮ್ಮನ್ನು ನಾವು ಓದಿಕೊಂಡಿದ್ದೇವೆಯೇ ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆ 1955ರಲ್ಲಿ ದೆಹಲಿಯ ಸಪ್ರೂ ಹೌಸಿನಲ್ಲಿ ನೆಲೆಯನ್ನು ಕಂಡು, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯವನ್ನು ಸೇರಿತು. ಇಂದಿಗೂ ಅದು ಹೆಚ್ಚಾಗಿ ಸ್ನಾತಕೋತ್ತರ ಮಟ್ಟದ ಸೊತ್ತು. ಬೆಂಗಳೂರಿನ ಪೂರ್ವಭಾಗದಲ್ಲಿ ಪರಭಾಷೆಗಳಿಗೇನೂ ಕೊರತೆಯಿಲ್ಲ. ಇಂದಿರಾನಗರದ ಗೋಥೆ ಸಂಸ್ಥೆಯಲ್ಲಿ ಜರ್ಮನ್, ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಸಮೀಪದ ಅಲಿಯಾನ್ಸ್ ಫ್ರಾನ್ಸೇಸಿನಲ್ಲಿ ಫ್ರೆಂಚ್ ಕಲಿಯುವವರು ಬೇಕಾದಷ್ಟು. ಇಂಥ ತರಗತಿಗಳಿಗೆ ನಮ್ಮ ದಾದಿಯರೂ ಎಂಜಿನಿಯರರೂ ಬಹುಮಟ್ಟಿಗೆ ವೀಸಾದ ಮೇಲೆ ಕಣ್ಣಿಟ್ಟುಕೊಂಡು ಹೋಗುತ್ತಾರೆ; ಅದು ತಪ್ಪಲ್ಲ. ಅಲ್ಲಿ ದೊರೆಯುವುದು ಮನೆಯ ಬೀಗದ ಕೈ. ಮನೆಯ ಒಳಗೇನಿದೆಯೆಂಬುದು ಬೇರೆ ವ್ಯಾಸಂಗ.

ಹಾಗಾದರೆ ಆ ಹುಡುಗಿಯ ಹೆಚ್.ಪಿ.ಕೆ. ಏನು? ಭಾಷೆಗೆ ಕನ್ನಡ, ಸಂಸ್ಕೃತಿಗೆ ಇತಿಹಾಸ, ರಾಜಕಾರಣಕ್ಕೆ ರಾಜ್ಯಶಾಸ್ತ್ರ. ಮೂರನ್ನೂ ಕೂಡಿಸಿದರೆ ಕರ್ನಾಟಕವೆಂಬ ಸೀಮೆಯ ಪ್ರದೇಶಾಧ್ಯಯನವೇ ಸರಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿಯನ್ನು ತಂದ ಸರ್ಕಾರ, 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷ, ಮೂರು ಪ್ರಧಾನ ವಿಷಯಗಳ ಹಳೆಯ ಏರ್ಪಾಡಿಗೆ ಹಿಂದಿರುಗಿದುದರಿಂದ, ಈ ತ್ರಿವಳಿ ಮತ್ತೆ ಜೀವ ತಳೆದಿದೆ. ಅದರ ದೋಷ ಬೇರೆಡೆಯಲ್ಲಿರುವುದು: ಒಂದೇ ಪಡಸಾಲೆಯಲ್ಲಿ ಅಕ್ಕಪಕ್ಕದ ಕೊಠಡಿಗಳಲ್ಲಿ ಕುಳಿತುಕೊಳ್ಳುವ ಮೂವರು ಅಧ್ಯಾಪಕರು ವರ್ಷದುದ್ದಕ್ಕೂ ಪಾಠದ ವಿಷಯವಾಗಿ ಒಂದು ಮಾತನ್ನೂ ಆಡದೆ ಇರಬಲ್ಲರು, ಮೂರು ಪತ್ರಿಕೆಗಳಿಗೆ ಮೂರು ನೋಟ್ಸುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅವು ಮೂರೂ ಒಂದೇ ನೆಲವನ್ನು ಕುರಿತವೆಂಬ ಸಂಶಯವೇ ಹುಟ್ಟದು.

ಈ ನೆಲವಾದರೋ ಸಾಮಾನ್ಯವಾದುದಲ್ಲ. ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಪಡೆಯನ್ನು ತಂದು 1809ರಲ್ಲಿ ಹಲಸೂರಿನ ಬಳಿ ಇಳಿಸಿದ ಮೇಲೆ, ಆ ಪಡೆಯನ್ನು ಹಿಂಬಾಲಿಸಿ ಆರ್ಕಾಟು ಸೀಮೆಯ ತಮಿಳರೂ, ದಖನಿ ಉರ್ದುವನ್ನಾಡುವ ಮುಸಲ್ಮಾನರೂ, ಯೂರೋಪಿಯನ್ನರೂ ಬಂದು ನೆಲೆಸಿದರು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದರೂ ದಂಡು ಪ್ರದೇಶ ಮಾತ್ರ ಬ್ರಿಟಿಷರ ಕೈಯಲ್ಲಿಯೇ ಉಳಿದು, 1947ರ ಜುಲೈಯಲ್ಲಷ್ಟೇ ಸಂಸ್ಥಾನದ ವಶವಾಯಿತು. ಹೀಗೆ ಒಂದೇ ಊರು ಎರಡು ಆಡಳಿತಗಳ ಕೆಳಗೆ ಬೆಳೆದದ್ದರ ಫಲವನ್ನು ಇಂದಿಗೂ ಕಿವಿಯಿಂದ ಕೇಳಬಹುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಮಾರುವವನ ಮಗ ತಾಯಿಯೊಡನೆ ದಖನಿಯನ್ನೂ, ಮೂಟೆ ಇಳಿಸುವವನೊಡನೆ ತಮಿಳನ್ನೂ, ಗಿರಾಕಿಯೊಡನೆ ಕನ್ನಡವನ್ನೂ ತಡವರಿಸದೆ ಆಡಿ, ಮಧ್ಯಾಹ್ನ ಕಾಲೇಜಿಗೆ ಹೋದರೆ, ಅಲ್ಲಿ ಅವನ ವಿಷಯವಾಗಿ ‘ಲಾಂಗ್ವೇಜಲ್ಲಿ ವೀಕು’ ಎಂದು ತೀರ್ಪಾಗಿರುತ್ತದೆ.

ಭಾಷೆಯಿಲ್ಲದೆ ಸೀಮೆಯನ್ನು ಓದುವುದರ ಕಷ್ಟವನ್ನು ಕರ್ನಲ್ ಕಾಲಿನ್ ಮೆಕೆಂಜಿಯಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರು ವಿರಳ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಬಳಿಕ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಆತನ ಪಾಲಿಗೆ ಬಂದಿತು. ಅಳೆಯುತ್ತ ಅಳೆಯುತ್ತ ಊರೂರಿನ ವೃತ್ತಾಂತಗಳಾದ ಕೈಫಿಯತ್ತುಗಳನ್ನೂ ಶಾಸನಗಳನ್ನೂ ರಾಶಿರಾಶಿಯಾಗಿ ಕೂಡಿಹಾಕಿದನು. ಆದರೆ ದೇಶಭಾಷೆಗಳು ತನಗೆ ಬಾರವೆಂದೂ, ಕಾವಲಿ ವೆಂಕಟ ಬೊರಯ್ಯನಂಥ ಸಹಾಯಕರಿಲ್ಲದಿದ್ದರೆ ತನಗೆ ದಾರಿಯೇ ತೆರೆಯುತ್ತಿರಲಿಲ್ಲವೆಂದೂ ಸಂಕೋಚವಿಲ್ಲದೆ ಹೇಳಿಕೊಂಡನು. ಇದಕ್ಕೆ ವಿರುದ್ಧವಾಗಿ, 1837ರಲ್ಲಿ ಬೆಂಗಳೂರಿನಲ್ಲಿಯೇ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಬಿ.ಎಲ್. ರೈಸರಿಗೆ ಕನ್ನಡ ಬಾಲ್ಯದಿಂದಲೂ ಒಲಿದಿದ್ದಿತು. ಶಾಲೆಗಳ ತನಿಖೆಗಾಗಿ ಊರೂರು ತಿರುಗುತ್ತಿದ್ದ ಆ ಅಧಿಕಾರಿ, ದಾರಿಯ ಬದಿಯ ಕಲ್ಲುಗಳನ್ನು ಓದುತ್ತ ಹೋಗಿ, ಕಡೆಗೆ ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು, ಅದರ ಜೊತೆಗೆ ನಾಡಿನ ಆಡಳಿತ, ಬೆಳೆ, ಜಾತಿ, ಜಾತ್ರೆಗಳನ್ನೆಲ್ಲ ಗೆಜೆಟಿಯರಿನಲ್ಲಿ ದಾಖಲಿಸಿದರು. ಪ್ರದೇಶಾಧ್ಯಯನವೆಂಬ ಹೆಸರು ಹುಟ್ಟುವುದಕ್ಕೆ ಮುಂಚೆ ಪ್ರದೇಶಾಧ್ಯಯನ ನಡೆದದ್ದು ಹೀಗೆ. 1909ರಲ್ಲಿ ನಾಡಿನ ಇತಿಹಾಸವನ್ನು ಅಭ್ಯಸಿಸುವ ಮಿಥಿಕ್ ಸೊಸೈಟಿಯನ್ನು ಕಟ್ಟಿದವರಲ್ಲಿ ಮುಂದಾಳಾಗಿದ್ದವರು ಇದೇ ದಂಡು ಪ್ರದೇಶದ ಕಲೆಕ್ಟರರಾಗಿದ್ದ ಎಫ್.ಜೆ. ರಿಚರ್ಡ್ಸ್ ಎಂಬುದನ್ನೂ ಇಲ್ಲಿ ನೆನೆಯಬಹುದು.

ರೈಸರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಪ್ರಕಟವಾಯಿತು. ಇಂದಿರಾನಗರಕ್ಕೆ ಅಂಟಿಕೊಂಡಂತಿರುವ ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳು ಅದರಲ್ಲಿವೆ. ಊರಿನ ಹೆಸರು ಅವುಗಳಲ್ಲಿ ತೊಂಬಲೂರು. 1270ರ ಬರೆಹವೊಂದು ಬಾಗಿಲಿನ ಎರಡು ನಿಲುವುಗಳನ್ನು ಮಾಡಿಸಿಕೊಟ್ಟುದನ್ನು ಹೇಳುತ್ತದೆ. ಅದರ ಭಾಷೆ ತಮಿಳು. ಕನ್ನಡ ನಾಡಿನ ಹೃದಯದಲ್ಲಿ ತಮಿಳು ಶಾಸನವೇಕೆ? ತಮಿಳಿನ ಅಭಿಮಾನಿಯೊಬ್ಬನು ಇದನ್ನು ಕಂಡು ಹಿಗ್ಗಬಹುದು, ಕನ್ನಡದ ಅಭಿಮಾನಿಯೊಬ್ಬನು ಮುಖ ತಿರುಗಿಸಬಹುದು. ಇಬ್ಬರೂ ಕಲ್ಲನ್ನು ಓದಿದಂತಾಗಲಿಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಕೋಲಾರ, ಬೆಂಗಳೂರುಗಳ ಸೀಮೆಯನ್ನು ಹಿಡಿದುದು, ಆಮೇಲೆ ವಿಷ್ಣುವರ್ಧನನು ಗಂಗವಾಡಿಯಿಂದ ಅವರನ್ನು ಹೊರಡಿಸಿದುದು, ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಜ್ಯ ಅಣ್ಣತಮ್ಮಂದಿರ ನಡುವೆ ಪಾಲಾಗಿ, ಮೂರನೆಯ ನರಸಿಂಹನಿಗೆ ದೋರಸಮುದ್ರವೂ ರಾಮನಾಥನಿಗೆ ತಮಿಳುನಾಡಿನ ಭಾಗದೊಡನೆ ಈ ಪೂರ್ವದ ಅಂಚೂ ದಕ್ಕಿದುದು, ಇಷ್ಟನ್ನೂ ಬಲ್ಲವನಿಗೆ ಆ ಕಲ್ಲಿನ ಭಾಷೆ ಅಚ್ಚರಿಯದಲ್ಲ: ಕನ್ನಡದ ಅರಸುಮನೆಯವನೊಬ್ಬನ ಆಳಿಕೆಯಲ್ಲಿ ತಮಿಳನ್ನಾಡುವ ಪ್ರಜೆಗಳು ತಮ್ಮ ದೇವರಿಗೆ ತಮ್ಮ ಮಾತಿನಲ್ಲಿ ಕೊಟ್ಟ ದಾನ ಅದು. ಲಿಪಿ ಬಾರದ ಇತಿಹಾಸದ ವಿದ್ಯಾರ್ಥಿಗೆ ಅದು ಗೀಚು. ಇತಿಹಾಸ ತಿಳಿಯದ ತಮಿಳು ವಿದ್ಯಾರ್ಥಿಗೆ ಅದು ಬರಿಯ ಅಕ್ಷರ.

ಇಂಥ ಅರ್ಧ ಓದಿನ ಬೆಲೆಯನ್ನು ನಮ್ಮ ಊರು ತೆತ್ತಿಲ್ಲವೆನ್ನುವಂತಿಲ್ಲ. ಹಲಸೂರು ಕೆರೆಯ ಸಮೀಪದಲ್ಲಿ ನಿಲ್ಲಿಸಿದ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ, ಭಾಷೆಯ ಜಗಳದಿಂದಾಗಿ, 1991ರಿಂದ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿದ್ದಿತು. ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಕಲೆತು 2009ರ ಆಗಸ್ಟಿನಲ್ಲಿ ಇಲ್ಲಿ ವಳ್ಳುವರನ್ನೂ, ಕೆಲವೇ ದಿನಗಳಲ್ಲಿ ಚೆನ್ನೈಯಲ್ಲಿ ನಮ್ಮ ಸರ್ವಜ್ಞನನ್ನೂ ಅನಾವರಣಗೊಳಿಸಿದರು. ಇಬ್ಬರು ಕವಿಗಳೂ ಎರಡು ಸಾಲು, ಮೂರು ಸಾಲುಗಳಲ್ಲಿ ಬಹುಮಟ್ಟಿಗೆ ಒಂದೇ ವಿಷಯಗಳನ್ನು ಹೇಳಿದವರು. ಅವರನ್ನು ಒಟ್ಟಿಗೆ ಓದಿದ ಯುವಕರು ಎರಡೂ ಕಡೆಗಳಲ್ಲಿ ಒಂದು ಸಾವಿರವಿದ್ದಿದ್ದರೆ ಮುಸುಕಿಗೆ ಬೇಕಾದ ಬಟ್ಟೆ ಉಳಿಯುತ್ತಿತ್ತೆಂದು ನನಗೆ ತೋರುತ್ತದೆ.

ಆದಕಾರಣ ನಮ್ಮ ಪೂರ್ವಭಾಗದ ಕಾಲೇಜುಗಳಲ್ಲಿ ಹೊಸ ವಿಭಾಗವನ್ನು ತೆರೆಯಬೇಕೆಂದಾಗಲಿ, ಹೊಸ ಕಟ್ಟಡವನ್ನು ಕಟ್ಟಬೇಕೆಂದಾಗಲಿ ನಾನು ಕೇಳುವುದಿಲ್ಲ. ಹೆಚ್.ಪಿ.ಕೆ. ತೆಗೆದುಕೊಂಡವರಿಗೆ ತಮಿಳು ಇಲ್ಲವೆ ಉರ್ದು ಲಿಪಿಯನ್ನು ಒಂದು ವರ್ಷ ಕಲಿಸುವ ಏರ್ಪಾಡಾಗಲಿ. ಕಲಿಸಬಲ್ಲವರು ಹಲಸೂರಿನಲ್ಲಿಯೂ ಶಿವಾಜಿನಗರದಲ್ಲಿಯೂ ಮನೆಮನೆಯಲ್ಲಿದ್ದಾರೆ. ಮೂರು ಬೇರೆ ಪ್ರಬಂಧಗಳ ಬದಲು ಮೂವರು ಅಧ್ಯಾಪಕರೂ ಕೂಡಿ ತಿದ್ದುವ ಒಂದೇ ಪ್ರಬಂಧವನ್ನು, ವಿದ್ಯಾರ್ಥಿಯ ಸ್ವಂತ ಬಡಾವಣೆಯನ್ನು ಕುರಿತು, ಬರೆಯಿಸಲಿ. ಮಕ್ಕಳನ್ನು ಇಂಥ ಬಿ.ಎ.ಗೆ ಸೇರಿಸಿದ ತಂದೆತಾಯಿಗಳು ಅದನ್ನು ಹೇಳುವಾಗ ದನಿಯನ್ನು ತಗ್ಗಿಸದಿರಲಿ. ಮೊದಲ ಪಾಠಕ್ಕೆ ದೊಮ್ಮಲೂರಿಗೆ ಹೋಗಿ ಬಂದರೆ ಸಾಕು; ಕೃಷ್ಣರಾಜಪುರದಿಂದ ಇಂದಿರಾನಗರಕ್ಕೆ ಈಗ ಮೆಟ್ರೊದಲ್ಲಿ ಕಾಲು ಗಂಟೆಯ ದಾರಿ.