ಕಾವುಗೂಡಿನ ಕೋಳಿಮರಿಗಳ ಕಾಯಿಲೆ

ಹೇಂಟೆಯ ರೆಕ್ಕೆಯಡಿ ಬೆಳೆಯಬೇಕಾದ ಮರಿಗಳನ್ನು ದೀಪದಡಿ ಬೆಳೆಸಹೊರಟವರಿಗೆ ಮೊದಲ ಕೆಲವು ವಾರಗಳೇ ಪರೀಕ್ಷೆಯ ಕಾಲ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ 25 ಮರಿಗಳನ್ನು ತಂದ ಗೃಹಿಣಿಯು ಮೂರನೆಯ ಮುಂಜಾನೆಯೇ ನಾಲ್ಕು ಸತ್ತುಬಿದ್ದುದನ್ನು ಕಂಡರೆ, ಯಾವ ಔಷಧವನ್ನು ಹಾಕಲಿ ಎಂದು ಕೇಳುವುದು ಸಹಜವೇ. ರಾತ್ರಿಯೆಲ್ಲ ದೀಪ ಉರಿಯುತ್ತಿತ್ತೆ ಎಂದು ನಾವು ಮೊದಲು ಕೇಳುವೆವು.

ಎಳೆಯ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿನ್ನೂ ಬಂದಿರುವುದಿಲ್ಲ. ಮೊದಲ ವಾರ ಅದರ ಬೆನ್ನಿನ ಮಟ್ಟದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಉಷ್ಣವಿರಬೇಕು. ಮುಂದೆ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಬರಬಹುದು. ಉಷ್ಣಮಾಪಕವಿಲ್ಲದಿದ್ದರೆ ಮರಿಗಳೇ ಹೇಳುವುವು. ದೀಪದಡಿ ಒಂದರ ಮೇಲೊಂದು ಮುತ್ತಿ ಕೂಗಿದರೆ ಚಳಿ. ಕೊಕ್ಕು ತೆರೆದು ಏದುತ್ತ ದೂರ ಸರಿದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಕೂಡಿದರೆ ಎದುರು ಮಗ್ಗುಲಿನಿಂದ ತಂಗಾಳಿ ನುಗ್ಗುತ್ತಿದೆಯೆಂದು ತಿಳಿಯತಕ್ಕದ್ದು. ಈಗ ಮನೆಮನೆಯಲ್ಲಿರುವ ಎಲ್‌ಇಡಿ ದೀಪವು ಬೆಳಕನ್ನೀಯುವುದೇ ಹೊರತು ಮರಿಗಳಿಗೆ ಸಾಲುವಷ್ಟು ಕಾವನ್ನೀಯದು. ತಂತಿ ಕಾಯುವ ಹಳೆಯ ಬಲ್ಬೇ ಆಗಬೇಕು. ವಿದ್ಯುತ್ತು ಹೋದ ರಾತ್ರಿ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಸೀಸೆಗಳನ್ನಿಟ್ಟರೆ ಮರಿಗಳು ಒತ್ತಿಕೊಂಡು ಉಸಿರುಕಟ್ಟಿ ಸಾಯುವುದು ತಪ್ಪೀತು.

ಕಾವು ಸರಿಯಿದ್ದೂ ಸಾವು ನಿಲ್ಲದಿದ್ದರೆ ಹಿಕ್ಕೆಯನ್ನು ನೋಡಬೇಕು. ಒಂದೆರಡು ಮರಿಗಳ ಹಿಂಭಾಗಕ್ಕೆ ಮಾತ್ರ ಮೆತ್ತಿ ಒಣಗಿದ್ದರೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ಒರಸಿರಿ. ಕೀಳಬೇಡಿರಿ, ಚರ್ಮವೇ ಬಂದೀತು. ಅನೇಕ ಮರಿಗಳು ಬಿಳಿಯ ಭೇದಿಯಿಂದ ಜೋತುಬಿದ್ದರೆ ಅದು ತಾಯಿಯ ಮೊಟ್ಟೆಯಿಂದಲೇ ಬಂದ ಪುಲ್ಲೋರಂ ರೋಗವಾಗಿರಬಹುದು. ಅದರಲ್ಲಿ ಬದುಕುಳಿದ ಹೇಂಟೆಯ ಮೊಟ್ಟೆಯನ್ನು ಮರಿಮಾಡಿಸಲು ಇಡಲಾಗದು.

ಮೂರನೆಯ ವಾರದಿಂದಾಚೆಗೆ ಹಿಕ್ಕೆಯಲ್ಲಿ ರಕ್ತ ಕಂಡರೆ ಬಹುಮಟ್ಟಿಗೆ ಅದು ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯ ಕೆಲಸ. ಹಿಕ್ಕೆಯೊಡನೆ ಹೊರಬಿದ್ದ ಅದರ ಬೀಜಗಳು ಬೆಚ್ಚಗೂ ತೇವವಾಗಿಯೂ ಇರುವ ಹಾಸಿನಲ್ಲಿ ಒಂದೆರಡು ದಿನಗಳಲ್ಲಿಯೇ ಬಲಿತು, ಮತ್ತೆ ಮರಿಗಳ ಹೊಟ್ಟೆ ಸೇರುವುವು. ಆದುದರಿಂದ ನೀರಿನ ಪಾತ್ರೆಯ ಸುತ್ತ ನೆನೆದ ಭತ್ತದ ಹೊಟ್ಟನ್ನು ದಿನವೂ ತೆಗೆದುಹಾಕುವುದು ಔಷಧದಷ್ಟೇ ಅವಶ್ಯಕ. ಅರಸಿನ ಬೆಳ್ಳುಳ್ಳಿಗಳನ್ನು ನಂಬಿ ಎರಡು ದಿನ ಕಾಯುವುದನ್ನು ನಾವು ಒಪ್ಪೆವು. ಪಶುವೈದ್ಯರು ಆಂಪ್ರೋಲಿಯಂ ಔಷಧವನ್ನು ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಕೊಡಿಸುವರು. ಆ ದಿನಗಳಲ್ಲಿ ಶಕ್ತಿಗೆಂದು ಬಿ ಜೀವಸತ್ವವನ್ನು ಹಾಕಿದರೆ ಔಷಧದ ಬಲ ಕುಂದುವುದು.

ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ ರಾಣಿಖೇತಕ್ಕಾದರೋ ಮದ್ದೇ ಇಲ್ಲ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಹನಿಸುವ ಲಸಿಕೆಯೊಂದೇ ಕಾಪು. ಅದನ್ನು ತಂಪಿನಲ್ಲಿಟ್ಟೇ ತರತಕ್ಕದ್ದು.

ಸತ್ತ ಮರಿಯನ್ನು ತಿಪ್ಪೆಗೆಸೆಯಬಾರದು. ಆಗತಾನೆ ಸತ್ತುದನ್ನು ಚೀಲದಲ್ಲಿ ಕಟ್ಟಿ ಪಶುವೈದ್ಯರಲ್ಲಿಗೆ ಒಯ್ದರೆ, ಅವರು ಹೊಟ್ಟೆ ಕೊಯ್ದು ನೋಡಿ ಉಳಿದವುಗಳಿಗೆ ಏನು ಮಾಡಬೇಕೆಂಬುದನ್ನು ಹೇಳಬಲ್ಲರು. ಮಿಕ್ಕವನ್ನು ಸುಣ್ಣ ಹಾಕಿ ನಾಯಿ ಕೆದಕದಷ್ಟು ಆಳದಲ್ಲಿ ಹೂಳಿರಿ.