ಒಳಚರಂಡಿಯ ನೀರೂ ಒಂದು ಲೆಕ್ಕಪುಸ್ತಕ

ಖರೀದಿ, ಮಾರಾಟದ ಪುಸ್ತಕಗಳು ದೊರೆಯದಿದ್ದಾಗ ವಿದ್ಯುತ್ ಬಿಲ್ಲು, ಉಳಿದ ದಾಸ್ತಾನುಗಳಿಂದ ವಹಿವಾಟನ್ನು ಅಂದಾಜಿಸುವುದು ವರ್ತಕರಿಗೆ ತಿಳಿಯದ ವಿಷಯವಲ್ಲ. ಮಾದಕ ವಸ್ತುಗಳ ವ್ಯಾಪಾರಕ್ಕೆ ಪುಸ್ತಕವೇ ಇರುವುದಿಲ್ಲ. ಆದರೆ ಸೇವಿಸಿದ ವಸ್ತು ದೇಹದಲ್ಲಿ ರೂಪಾಂತರಗೊಂಡು ಮೂತ್ರದ ಮೂಲಕ ಒಳಚರಂಡಿಯನ್ನು ಸೇರುತ್ತದೆ. ಇಟಲಿಯ ಮಾರಿಯೋ ನೆಗ್ರಿ ಸಂಸ್ಥೆಯ ವಿಜ್ಞಾನಿಗಳು ಪೋ ನದಿಯ ನೀರನ್ನು ಪರೀಕ್ಷಿಸಿ, ದಿನವೊಂದಕ್ಕೆ ಸುಮಾರು 4 ಕಿಲೋಗ್ರಾಂ ಕೊಕೇನಿಗೆ ಸಮನಾದ ಶೇಷ ಅದರಲ್ಲಿ ಹರಿಯುತ್ತಿದೆಯೆಂದು 2005ರಲ್ಲಿ ಪ್ರಕಟಿಸಿದರು. ನೀರಿನಲ್ಲಿರುವ ಶೇಷದ ಪ್ರಮಾಣವನ್ನು ದಿನದ ಹರಿವಿನಿಂದ ಗುಣಿಸಿ, ದೇಹ ಹೊರಹಾಕುವ ಅಂಶದಿಂದ ಭಾಗಿಸಿದರೆ ಬಳಕೆಯ ಅಂದಾಜು ದೊರೆಯುತ್ತದೆ.

ಬೆಂಗಳೂರಿಗೂ ಈ ಬಗೆಯ ಪರೀಕ್ಷೆ ಅಪರಿಚಿತವಲ್ಲ. 2022ರಲ್ಲಿ ನಗರದ 28 ಸಂಸ್ಕರಣಾ ಘಟಕಗಳ ತ್ಯಾಜ್ಯನೀರಿನಲ್ಲಿ ಕೊರೊನಾ ವೈರಾಣುವಿನ ಏರಿಳಿತವನ್ನು ಗುರುತಿಸಲಾಯಿತು. ಮಾದಕ ವಸ್ತುವಿನ ಶೇಷವಾದರೋ ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿರುವುದರಿಂದ ದುಬಾರಿ ಯಂತ್ರಗಳುಳ್ಳ ಪ್ರಯೋಗಾಲಯವೇ ಬೇಕು. 1990ರಲ್ಲಿ ಆಂಡ್ರಿಯಾಸ್ ಮಾನ್ಸ್ ಮತ್ತು ಸಂಗಡಿಗರು ಇಡೀ ರಾಸಾಯನಿಕ ವಿಶ್ಲೇಷಣೆಯನ್ನು ಅಂಗೈಯಗಲದ ಚಿಪ್ಪಿನಲ್ಲಿ ಅಡಗಿಸುವ ಕಲ್ಪನೆಯನ್ನು ಮುಂದಿಟ್ಟರು. ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ಹನಿ ನೀರು ಹರಿದು, ಬೇರ್ಪಟ್ಟು, ಅಳತೆಗೊಳ್ಳುತ್ತದೆ. ತೊಡಕಿರುವುದು ಕೊಳೆಯಲ್ಲಿ: ಒಳಚರಂಡಿಯ ನೀರು ಆ ಕಾಲುವೆಗಳನ್ನು ಕಟ್ಟಿಬಿಡುತ್ತದೆ, ಆದ್ದರಿಂದ ಮೊದಲು ಸೋಸಿ, ಶೇಷವನ್ನು ಸಾಂದ್ರಗೊಳಿಸಬೇಕಾಗುತ್ತದೆ.

ಉಪಕರಣ ಅಗ್ಗವಾದಂತೆ ಮಾದರಿ ತೆಗೆಯುವ ಸ್ಥಳ ಸಂಸ್ಕರಣಾ ಘಟಕದಿಂದ ಬೀದಿಗೆ, ಬೀದಿಯಿಂದ ಕಟ್ಟಡಕ್ಕೆ ಸರಿಯಬಲ್ಲದು. ಸುಲ್ತಾನ್‌ಪೇಟೆಯಂತಹ ಕಡೆ ಒಂದೇ ಕಟ್ಟಡದಲ್ಲಿ ಹತ್ತಾರು ಮಳಿಗೆ, ಉಗ್ರಾಣಗಳಿದ್ದು ಎಲ್ಲಕ್ಕೂ ಒಂದೇ ಕೊಳವೆ ಇದ್ದರೆ ಶೇಷ ಯಾರದೆಂದು ನೀರು ಹೇಳಲಾರದು. ಕೋಡೀನ್ ಬೆರೆತ ಕೆಮ್ಮಿನ ಔಷಧಿಯನ್ನು ವೈದ್ಯರ ಸಲಹೆಯಂತೆ ಕುಡಿದವನ ಮೂತ್ರದಲ್ಲಿಯೂ ಮಾರ್ಫೀನ್ ಕಾಣಿಸುತ್ತದೆ. ಹೆರಾಯಿನ್ನಿನ ಗುರುತಾದ 6-ಮಾನೋಅಸಿಟೈಲ್‌ಮಾರ್ಫೀನನ್ನು ಪ್ರತ್ಯೇಕವಾಗಿ ಹುಡುಕದ ಪರೀಕ್ಷೆ ನಿರಪರಾಧಿಯನ್ನೂ ಸಂಶಯಕ್ಕೆ ಗುರಿಮಾಡೀತು. 1985ರ ಮಾದಕ ದ್ರವ್ಯಗಳ ಕಾಯಿದೆಯ 25ನೇ ಕಲಮು ತನ್ನ ಸ್ಥಳವನ್ನು ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟ ಮಾಲೀಕನನ್ನು ಅಥವಾ ಬಾಡಿಗೆದಾರನನ್ನು ಶಿಕ್ಷಿಸುತ್ತದೆ. 'ತಿಳಿದೂ' ಎಂಬ ಪದವೇ ಇಲ್ಲಿ ವರ್ತಕನಿಗೆ ರಕ್ಷೆ.

ಆ ರಕ್ಷೆಗೆ ದಾಖಲೆಯ ಬೆಂಬಲ ಬೇಕು. ಅಸಿಟಿಕ್ ಅನ್‌ಹೈಡ್ರೈಡ್, ಎಫೆಡ್ರಿನ್ ಮೊದಲಾದ ವಸ್ತುಗಳನ್ನು ತಯಾರಿಸುವ, ಮಾರುವ, ಬಳಸುವವರು 2013ರ ನಿಯಂತ್ರಿತ ವಸ್ತುಗಳ ಆದೇಶದಂತೆ ಮಾದಕ ದ್ರವ್ಯ ನಿಯಂತ್ರಣ ಬ್ಯೂರೋದಲ್ಲಿ ನೋಂದಣಿ ಮಾಡಿಸಿ, ದೈನಂದಿನ ಲೆಕ್ಕವಿಟ್ಟು, ತ್ರೈಮಾಸಿಕ ವಿವರ ಸಲ್ಲಿಸಬೇಕು. ಉಗ್ರಾಣವನ್ನು ಬಾಡಿಗೆಗೆ ಕೊಟ್ಟವರು ಕರಾರಿನಲ್ಲಿ ಯಾವ ಸರಕಿಗೆಂಬುದನ್ನು ಬರೆಸಿ, ಸಾಧ್ಯವಿದ್ದೆಡೆ ಪ್ರತಿ ಮಳಿಗೆಯ ಕೊಳವೆಗೂ ಬೇರೆ ಗುಂಡಿಯನ್ನು ಕಟ್ಟಿಸಿ, ಅದರ ನಕ್ಷೆಯನ್ನು ಕರಾರಿನೊಡನೆಯೇ ಇಟ್ಟುಕೊಳ್ಳುವುದು ಒಳಿತು.